ಕತ್ತರಿಸಿ ತಂದ ಹೆಸರು

ಚನ್ನರಾಯಪಟ್ಟಣದಲ್ಲಿ ಆಟೊಗಳಿಗೆ ಮೈಕು ಕಟ್ಟಿ ಪ್ರಚಾರ ಮಾಡುವ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಸೀರೆ ಅಂಗಡಿಯ ರಿಯಾಯಿತಿ, ನೀರು ಬಿಡುವ ಹೊತ್ತು, ಊರಿನವರ ಸಾವು, ಎಲ್ಲಕ್ಕೂ ನನ್ನದೇ ದನಿ. ಕಂಪ್ಯೂಟರಿನ ಕೆಲಸವೂ ನನ್ನದೇ.

ಹಲವು ವರ್ಷಗಳಿಂದ ಒಂದೊಂದು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆಲ್ಲ ಒಂದೊಂದು ಫಾರ್ಮ್ಯಾಟಿನಲ್ಲಿ ಬಿದ್ದಿತ್ತು. ಆಟೊಗಳಿಗೆ ಹೊಸದಾಗಿ ಹಾಕಿಸಿದ ಪ್ಲೇಯರು ಎಂಪಿತ್ರೀ ಬಿಟ್ಟು ಬೇರೇನನ್ನೂ ನುಡಿಸುತ್ತಿರಲಿಲ್ಲ. ಒಂದೊಂದನ್ನೇ ತೆರೆದು ಬದಲಾಯಿಸುತ್ತ ಕೂತರೆ ಮುಗಿಯುವಂತಿರಲಿಲ್ಲ, ಎಲ್ಲವನ್ನೂ ತಾನೇ ಎಂಪಿತ್ರೀಗೆ ಬದಲಾಯಿಸುವಂತೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ. ಫೈಲಿನ ಹೆಸರಿನ ನಡುವೆ ಖಾಲಿ ಜಾಗ ಬಂದಲ್ಲೆಲ್ಲ ಅದು ನಿಂತುಬಿಡುತ್ತಿತ್ತು. ಅದನ್ನೂ ಸರಿಮಾಡಿದೆ. ಹೊಸ ಫೈಲುಗಳು ಒಂದರ ಹಿಂದೊಂದು ಫೋಲ್ಡರಿಗೆ ಬಂದು ಬೀಳುವುದನ್ನು ಮಾಲೀಕ ನನ್ನ ಹಿಂದೆಯೇ ನಿಂತು ನೋಡುತ್ತಿದ್ದ.

ಮುಂದಿನ ವಾರ ಕರೆದು, "ನಾಳೆಯಿಂದ ಬರ್ಬೇಡ ಕಣಮ್ಮ. ನಿನ್ ವಾಯ್ಸ್ ಎಲ್ಲಾ ಇಲ್ಲೇ ಐತಲ್ಲ, ಕಟ್ ಮಾಡಿ ಜೋಡಿಸ್ಕತೀವಿ," ಅಂದ. ಕೋಪವೇನೂ ಇರಲಿಲ್ಲ, ಟೀ ಕುಡಿಯುತ್ತಲೇ ಹೇಳಿದ. ನಾನು ಹಾಸನದ ಜೆರಾಕ್ಸ್ ಅಂಗಡಿಯೊಂದಕ್ಕೆ ಬಸ್ಸಿನಲ್ಲಿ ಓಡಾಡತೊಡಗಿದೆ.

ಅಮ್ಮ ತೀರಿಕೊಂಡದ್ದು ಅದರ ಮುಂದಿನ ಬೇಸಿಗೆಯಲ್ಲಿ. ಊರಿಗೆ ತಿಳಿಯಲೆಂದು ಅಣ್ಣ ಆ ಅಂಗಡಿಗೇ ಫೋನು ಮಾಡಿದ್ದ. ಹೆಣ ಮನೆಯ ಮುಂದಿತ್ತು. ಬೀದಿಯ ತಿರುವಿನಿಂದ ನನ್ನ ದನಿ ಕೇಳಿಸಿತು. "ನಿಧನರಾಗಿದ್ದಾರೆ" ಅನ್ನುವುದು ಇನ್ಯಾರದೋ ಸಾವಿಗೆ ನಾನು ಓದಿದ್ದು. ಅಮ್ಮನ ಹೆಸರನ್ನು ಮಾತ್ರ ಅದೇ ಹೆಸರಿನ ಸೀರೆ ಅಂಗಡಿಯೊಂದರ ಜಾಹೀರಾತಿನಿಂದ ಕತ್ತರಿಸಿ ತಂದಿದ್ದರು. ಹಬ್ಬದ ರಿಯಾಯಿತಿಗೆಂದು ನಗುನಗುತ್ತ ಎಳೆದು ಹೇಳಿದ್ದ ಹೆಸರು.

ಓಡಿಹೋಗಿ ಆಟೊ ಅಡ್ಡಗಟ್ಟಿದೆ, ನಿಲ್ಲಿಸಪ್ಪ ಎಂದು ಬೇಡಿಕೊಂಡೆ. ಡ್ರೈವರ್ ನನ್ನ ಗುರುತು ಹಿಡಿದ. ಬಸ್ ಸ್ಟ್ಯಾಂಡಿನವರೆಗೂ ಹಾಕಬೇಕೆಂದು ಮಾಲೀಕರು ಹೇಳಿದ್ದಾರೆ ಅಂದು, ಮೈಕಿನ ದನಿ ತುಸು ತಗ್ಗಿಸಿ ಮುಂದೆ ಹೋದ.

ವಾಪಸು ಬಂದಾಗ ಹಳೇಕೋಟೆಯಿಂದ ಬಂದಿದ್ದ ದೊಡ್ಡಮ್ಮ, ಅಮ್ಮನ ಅಕ್ಕ, ನನ್ನನ್ನೇ ದಿಟ್ಟಿಸುತ್ತಿದ್ದಳು.

"ಎತ್ತವ್ವ ಇಲ್ಲಿ ಮಲಗವ್ಳೆ. ಅಂಗೆ ನಗ್ತಾ ಅವಳ ಎಸರು ಯೋಳಕೆ ನಿಂಗೆ ಎಂಗೆ ಬಾಯಿ ಬಂತವ್ವ?"

ಅದು ಹಳೆಯ ಫೈಲು, ಬೇರೆ ಬೇರೆ ಕಡೆಯಿಂದ ಕತ್ತರಿಸಿ ಅಂಟಿಸಿದ್ದು ಎಂದು ವಿವರಿಸಲು ಹೋದೆ.

"ನಿನ್ ದನಿ ನಂಗೊತ್ತಾಗಕಿಲ್ವಾ?" ಅಂದಳು.

ಸುತ್ತ ಕೂತಿದ್ದ ಹೆಂಗಸರು ಮುಖ ಬೇರೆ ಕಡೆ ತಿರುಗಿಸಿದರು. ಅಣ್ಣನಾದರೂ ಒಂದು ಮಾತು ಹೇಳುತ್ತಾನೆಂದು ನೋಡಿದೆ. ಅವನು ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ, ತಲೆ ಎತ್ತಲಿಲ್ಲ.

ದೊಡ್ಡಮ್ಮ ತಿಥಿಗೂ ಬಂದಳು. ನಾನು ಕೊಟ್ಟ ನೀರನ್ನು ಪಕ್ಕಕ್ಕಿಟ್ಟು, ಅತ್ತಿಗೆಯನ್ನು ಕೂಗಿ ಬೇರೆ ಲೋಟ ತರಿಸಿಕೊಂಡಳು.