ಅಜ್ಜಿಯ ಬೀಸುವ ಪದ ಮತ್ತು ಡಿಎನ್‌ಎ

ಗೆಳೆಯರೇ, ತೀರಿಹೋದ ಅಜ್ಜಿಯ ಬೀಸುವ ಪದವನ್ನು ಮೊಬೈಲಿನಲ್ಲಿ ಉಳಿಸೋಣವೆಂದು ಇವತ್ತು ತಾವರಗೇರಾದಲ್ಲಿ ಇಬ್ಬರು ಅತ್ತೆಯರನ್ನು ಹಾಡಲು ಕೂರಿಸಿದೆ. ಪ್ರತಿ ನುಡಿಯ ಕೊನೆಗೂ ಅದೇ ಪಲ್ಲವಿ. ಪಲ್ಲವಿ ಆದ ಮೇಲೆ ಮುಂದೆ ಯಾವ ನುಡಿ ಎಂದು ಜಗಳ ಹತ್ತಿತು.

“ತವರಿನ ನುಡಿ ಐತಿ!” ಎಂದರು ದೊಡ್ಡತ್ತೆ.

“ಅಲ್ಲಬೇ ಅಕ್ಕಾ, ಮಳಿ ನುಡಿ!” ಎಂದರು ಸಣ್ಣತ್ತೆ.

ಡಿಎನ್‌ಎಯಲ್ಲಿ ಮಾಹಿತಿ ಕೂಡಿಡುವುದನ್ನು ಕಾಲೇಜಿನಲ್ಲಿ ಕಲಿಸುವ ನಾನು ಬಾಯಿ ಹಾಕಿದೆ. “ಡಿಎನ್‌ಎದಾಗ ಬರದಿಟ್ಟದ್ದೂ ಹಿಂಗ, ಅತ್ತಿ. ತುಣುಕು ತುಣುಕು ಓದಿದಾಗ ಒಂದ ಸಾಲು ಮತ್ತ ಮತ್ತ ಬಂದ್ರ, ಮುಂದಿಂದು ಯಾವ್ದಂತ ತಿಳಿಯಂಗಿಲ್ಲ. ನೀವು ಪೂರ್ತಿ ಯಾಕ ಕೇಳಲಿಲ್ಲ?”

“ಅವ್ವ ಬೀಸೋವಾಗ ಆಕಿ ತೊಡಿ ಮ್ಯಾಲ ಮಲಗಿರ್ತಿದ್ವಿ. ಎರಡು ನುಡಿಗೆ ನಿದ್ದಿ ಹತ್ತತಿತ್ತು, ಎಚ್ಚರಾದಾಗ ಬ್ಯಾರೆ ನುಡಿ ನಡದಿರ್ತಿತ್ತು,” ಎಂದರು ದೊಡ್ಡತ್ತೆ. ಜಗಳ ಅಲ್ಲಿಗೇ ನಿಂತಿತು.

ಎಷ್ಟು ಉದ್ದದ ತುಣುಕು ಓದಿದರೆ ಪೂರ್ತಿ ಜೋಡಿಸಬಹುದು ಎಂಬುದಕ್ಕೆ ನನ್ನ ಬಳಿ ಸೂತ್ರವಿದೆ. ಅದರಲ್ಲಿ ಅಜ್ಜಿಯ ತೊಡೆಯ ಮೇಲಿನ ನಿದ್ದೆಯನ್ನು ಎಲ್ಲಿ ಸೇರಿಸಲಿ?