ಜೇಬಿಗೆ ಹೋದ ಕೈ

ಐವತ್ತೊಂದು ವರ್ಷ ತುಂಬಿದ ಆ ಬೇಸಿಗೆಯಲ್ಲಿ ವೆಲ್ಡನ್ ಟಾಕೆಟ್‌ಗೆ ತನ್ನದು ಅಂತ ಇದ್ದದ್ದು ಒಂದು ಜೀನು, ಎರಡು ಹಗ್ಗ, ಒಂದು ಟೋಪಿ ಮತ್ತು ಬಿಟ್ಟುಬಿಡದ ಹಲ್ಲುನೋವು. ಅವನು ಹತ್ತುತ್ತಿದ್ದ ಕುದುರೆ ಪೆಕಾನ್ ಅವನದಾಗಿರಲಿಲ್ಲ. ಸಾನ್ ಸಾಬಾ ಹೊಳೆಯ ದಡದಲ್ಲಿ ದನ ಸಾಕುವ ಸ್ಪಿಲ್ಲರ್ ಮನೆತನದ ರ್‍ಯಾಂಚಿನಲ್ಲಿ ಕುದುರೆಗಳೆಲ್ಲ ಒಡೆಯರ ಸೊತ್ತು. ಆಳುಗಳ ಪಾಲಿಗೆ ಹತ್ತುವುದು, ತಿದ್ದುವುದು, ಬಿದ್ದಾಗ ಎಲುಬು ಮುರಿದುಕೊಳ್ಳುವುದು, ಅಷ್ಟೇ. ಆ ಕಂದು ಹೆಣ್ಣುಕುದುರೆಯನ್ನು, ಅದು ಮೊದಲ ಸಲ ಜೀನು ಕಂಡ ದಿನದಿಂದ, ಏಳು ವರ್ಷ ವೆಲ್ಡನ್ ಒಬ್ಬನೇ ಹತ್ತಿದ್ದ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಮಾತು ಅಂತ ಆಡಿದರೆ ಅಡುಗೆ ಮಾಡುವ ಚೆಂಟೆಯ ಹತ್ತಿರ ನಾಲ್ಕು, ಮಿಕ್ಕಿದ್ದೆಲ್ಲ ಪೆಕಾನ್ ಹತ್ತಿರ.

ಈಗಿನವರಿಗೆ ಕರು ಹಿಡಿಯುವುದೆಂದರೆ ಪಂದ್ಯ, ಬ್ಯಾಂಡು, ಮೈಕು, ಗೆದ್ದರೆ ಬೆಲ್ಟಿನ ಮೇಲೊಂದು ದೊಡ್ಡ ಬಿಲ್ಲೆ. ಹುಳದ ಕಾಲ ಇವರೆಲ್ಲಿ ಕಂಡಾರು! ಟೆಕ್ಸಸ್‌ನ ಕುರುಚಲು ಕಾಡಿನಲ್ಲಿ ಮಾರ್ಚ್ ತಿಂಗಳು ಹುಟ್ಟಿತೆಂದರೆ ನೊಣ ಬರುತ್ತಿತ್ತು. ಮುಳ್ಳು ಗೀರಿದ ಜಾಗ, ಕರುವಿನ ಹಸಿ ಹೊಕ್ಕುಳು, ಬೀಜ ಒಡೆದ ಗಾಯ, ಎಲ್ಲಿ ಒಂದು ಹನಿ ರಕ್ತ ಕಂಡರೂ ಅಲ್ಲಿ ಮೊಟ್ಟೆ. ಮೂರು ದಿನಕ್ಕೆ ಹುಳ ಬಿದ್ದು, ಹತ್ತು ದಿನಕ್ಕೆ ಕರುವನ್ನು ಬದುಕಿದ್ದಂತೆಯೇ ಒಳಗೊಳಗೆ ತಿಂದು ಮುಗಿಸುತ್ತಿದ್ದವು. ಅದಕ್ಕೇ ಆಳುಗಳು ದಿನಾ ಬೆಳಗಾದರೆ ಕಾಡು ಸುತ್ತಬೇಕು. ಹುಳ ಬಿದ್ದ ಕರು ಕಂಡರೆ ಅಟ್ಟಿಸಿ ಹೋಗಿ, ಕುಣಿಕೆ ಎಸೆದು, ಕೆಡವಿ, ಮಂಡಿಯಲ್ಲಿ ಅದುಮಿ, ಹಿಂದಿನ ಜೇಬಿನಿಂದ ಸೀಸೆ ತೆಗೆದು ಗಾಯಕ್ಕೆ ಕರಿಮದ್ದು ಮೆತ್ತಬೇಕು. ತಾಯಿಹಸು ಕೊಂಬು ತಗ್ಗಿಸಿ ಬರುವಷ್ಟರಲ್ಲಿ ಎಲ್ಲ ಮುಗಿಸಿ ಎದ್ದಿರಬೇಕು. ಬೇಗ ಹಿಡಿಯುವುದು ನಮ್ಮವರಿಗೆ ಬಂದದ್ದು ಹೀಗೆ, ಬಹುಮಾನದ ಆಸೆಗಲ್ಲ.

ಒಂದು ದಿನಕ್ಕೆ ಇಪ್ಪತ್ತು, ಮೂವತ್ತು ಕರು. ಹಾಗೆ ಮೂವತ್ತೈದು ವರ್ಷ. ಹುಳ ಬಿದ್ದ ಗಾಯಕ್ಕೆ ಒಂದು ಸಿಹಿ ಕೊಳೆತ ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ವೆಲ್ಡನ್‌ನ ಬಲಗೈ ಅವನನ್ನು ಕೇಳದೆಯೇ ಜೇಬಿಗೆ ಹೋಗುತ್ತಿತ್ತು. ಅವನ ಜೀನ್ಸಿನ ಆ ಜೇಬು ಸದಾ ಕಪ್ಪು. ಇಗರ್ಜಿಯ ಬೆಂಚಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ಹಿರಿಯ ಸ್ಪಿಲ್ಲರ್ ತೀರಿಕೊಂಡರು. ಮಗ ರೇಬರ್ನ್ ಪೇಟೆಯಿಂದ ಬಂದು ಯಜಮಾನನಾದ. ಅವನನ್ನು ಮೊದಲ ಸಲ ಕುದುರೆಯ ಮೇಲೆ ಕೂರಿಸಿದ್ದು ವೆಲ್ಡನ್ನೇ. ಆದರೆ ಮಣ್ಣು ಮುಗಿದ ಮರುದಿನದಿಂದ ವೆಲ್ಡನ್ ಅವನಿಗೆ ‘ನೀವು’ ಅನ್ನತೊಡಗಿದ. ರೇಬರ್ನ್ ಬೇಡವೆನ್ನಲಿಲ್ಲ. ಜೂನ್ ಹೊತ್ತಿಗೆ ಅವನು ಎರಡು ಜೀಪು ತಂದು, ಕುದುರೆಗಳನ್ನು ಒಂದೊಂದಾಗಿ ಮಾರತೊಡಗಿದ. ಪೆಕಾನ್ ಮೇಲೆ ಕಣ್ಣು ಹಾಕಿದವನು ಕ್ಲೀಟಸ್ ಬಾಗ್ಲಿ, ಊರೂರು ತಿರುಗಿ ರೋಡಿಯೊ ಪಂದ್ಯಗಳಲ್ಲಿ ಬಹುಮಾನಕ್ಕೆ ಕರು ಹಿಡಿಯುವವನು. ಕರುವನ್ನು ಹಗ್ಗದಲ್ಲಿ ಎಳೆದು ಅಂತರಲಾಗ ಹಾಕಿಸುವುದು ಅವನ ಶೈಲಿ, ಜನ ಅದಕ್ಕೇ ಶಿಳ್ಳೆ ಹೊಡೆಯುತ್ತಿದ್ದರು. ಹಿರಿಯ ಸ್ಪಿಲ್ಲರ್ ಇದ್ದಾಗ ಹಾಗೆ ಮಾಡಿದ ಆಳು ಸಂಜೆಯೊಳಗೆ ಗಂಟುಮೂಟೆ ಕಟ್ಟಬೇಕಿತ್ತು. ಕ್ಲೀಟಸ್ ಐದು ವರ್ಷದಲ್ಲಿ ಮೂರು ಕುದುರೆಗಳ ಕಾಲು ಕೆಡಿಸಿದ್ದ.

ಸುದ್ದಿ ಕೇಳಿ ವೆಲ್ಡನ್ ಊಟದ ಮನೆಗೆ ಹೋದ. ರೇಬರ್ನ್ ಹುರುಳಿಕಾಯಿ ಬೀಜದ ಸಾರಿಗೆ ರೊಟ್ಟಿ ಅದ್ದುತ್ತಿದ್ದ.

“ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ. ಆ ಕುದುರೆ ನನಗೇ ಕೊಡಿ,” ಅಂದ ವೆಲ್ಡನ್.

“ನಿನ್ನ ಸಂಬಳದಲ್ಲಿ ಹಿಡೀತಾ ಹೋದ್ರೆ ಕುದುರೆ ಸತ್ತ ಮೇಲೆ ನಿಂದಾಗುತ್ತೆ,” ಅಂದ ರೇಬರ್ನ್. ಸುತ್ತ ಕೂತವರು ನಕ್ಕರು. ನಗು ಕೇಳಿ ಅವನಿಗೆ ಉಮೇದು ಬಂತು. “ಒಂದು ಕೆಲಸ ಮಾಡು. ಜುಲೈ ನಾಲ್ಕರ ಹಬ್ಬದ ರೋಡಿಯೊದಲ್ಲಿ ನೀನೂ ಇಳಿ. ಕ್ಲೀಟಸ್‌ನ ಸೋಲಿಸಿದ್ರೆ ಕುದುರೆ ನಿಂದು, ಪುಕ್ಕಟೆ. ಸೋತ್ರೆ ಅಲ್ಲಿಂದಲೇ ಅವನ ಗಾಡಿಗೆ ಹತ್ತಿಸ್ತೀನಿ. ಇವರೆಲ್ಲ ಸಾಕ್ಷಿ.”

ದೊಡ್ಡವರ ಮಕ್ಕಳಿಗೆ ಇದೊಂದು ಚಟ. ಇನ್ನೊಬ್ಬನ ಜೀವ ಅವರಿಗೆ ಊಟದ ಹೊತ್ತಿನ ತಮಾಷೆ.

ಜುಲೈ ನಾಲ್ಕರಂದು ಚೆಂಟೆ ಟ್ರಕ್ಕಿನಲ್ಲಿ ವೆಲ್ಡನ್‌ನನ್ನೂ ಕುದುರೆಯನ್ನೂ ಕರೆದುಕೊಂಡು ಹೋದ. ವೆಲ್ಡನ್ ಹೊಸ ಜೀನ್ಸು ಹಾಕಿದ್ದ, ಅಂಗಡಿಯ ಮಡಿಕೆ ಕೂಡ ಬಿಟ್ಟಿರಲಿಲ್ಲ.

“ಮದುವೆ ಗಂಡಿನ ಹಾಗಿದ್ದೀಯಲ್ಲೋ ಮುದುಕ,” ಅಂದ ಚೆಂಟೆ. “ಮೂವತ್ತು ವರ್ಷದಲ್ಲಿ ನಿನ್ನ ಮೈಯಿಂದ ಮದ್ದಿನ ವಾಸನೆ ಬರದೆ ಇರೋದು ಇವತ್ತೇ.”

“ಬಾಯ್ಮುಚ್ಚಿ ಗಾಡಿ ಓಡಿಸು.”

“ಗೆಲ್ತೀಯಾ?”

“ಗೆಲ್ಲದೆ ಇದ್ರೆ ಅವಳನ್ನ ಆ ಕಟುಕ ತಗೊಂಡು ಹೋಗ್ತಾನೆ. ಬೇರೆ ದಾರಿ ಇದೆಯೇನೋ?”

ಕರುವಿಗೆ ಕುಣಿಕೆ ಹಾಕಿ, ಕೆಡವಿ, ಮೂರು ಕಾಲು ಕಟ್ಟಿ ಯಾರು ಬೇಗ ಕೈಯೆತ್ತುತ್ತಾರೋ ಅವರದೇ ಗೆಲುವು. ಕ್ಲೀಟಸ್ ಮೊದಲು ಇಳಿದ. ಹದಿನೈದು ಪಾಯಿಂಟ್ ನಾಲ್ಕು ಸೆಕೆಂಡು. ಅವನ ಕರು ಅಂತರಲಾಗ ಹಾಕಿ ಬಿತ್ತು, ಜನ ಕುಣಿದರು. ಕೊನೆಯ ಸರದಿ ವೆಲ್ಡನ್‌ದು. ಕಾಲು ಕಟ್ಟುವ ಸಣ್ಣ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಅವನು ತಲೆಯಾಡಿಸಿದ. ಗೇಟು ತೆರೆಯಿತು, ಕರು ಓಡಿತು. ಪೆಕಾನ್ ನಾಲ್ಕೇ ನೆಗೆತಕ್ಕೆ ಅದರ ಬೆನ್ನಿಗೆ ಬಂತು. ಕುಣಿಕೆ ಹೋಗಿ ಕತ್ತಿಗೆ ಬಿತ್ತು. ಕುದುರೆ ಗಕ್ಕನೆ ನಿಂತಾಗ ವೆಲ್ಡನ್‌ನ ಕಾಲು ಆಗಲೇ ನೆಲದ ಮೇಲಿತ್ತು. ಅವನು ಜೀನಿಗೆ ಬಿಗಿದಿದ್ದ ಹಗ್ಗದ ಗುಂಟ ಕರುವಿನತ್ತ ಓಡಿದ. ಹಿಂದೆ ಪೆಕಾನ್ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ, ಕರುವಿಗೆ ನೋವಾಗದಷ್ಟು, ತಪ್ಪಿಸಿಕೊಳ್ಳಲಾಗದಷ್ಟು ಹಗ್ಗವನ್ನು ಬಿಗಿ ಹಿಡಿದಿತ್ತು. ಹಗ್ಗ ಬಿಗಿಯಾದರೆ ಹಿಂದೆ ಸರಿ, ಅದು ಏಳು ವರ್ಷದಲ್ಲಿ ಅವನು ಕಲಿಸಿದ ಪಾಠ. ಹಾಗೆ ಹಿಡಿಯುವ ಕುದುರೆ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ವೆಲ್ಡನ್ ಕರುವನ್ನು ಎತ್ತಿ, ಮಗುವನ್ನು ಮಲಗಿಸಿದಂತೆ ಪಕ್ಕಕ್ಕೆ ಕೆಡವಿದ. ಒಂಬತ್ತು ಸೆಕೆಂಡು ಆಗಿತ್ತು. ಕ್ಲೀಟಸ್ ಬೇಲಿಯ ಮೇಲಿಂದ ಕೆಳಗಿಳಿದು ನಿಂತ.

ಮುಂಗಾಲಿಗೆ ಹಗ್ಗ ಹಾಕಿ ಹಿಂಗಾಲುಗಳನ್ನು ಒಟ್ಟು ಮಾಡಲು ಬಗ್ಗಿದಾಗ ಆ ವಾಸನೆ ಬಂತು. ಬೀಜ ಒಡೆದ ಗಾಯದಲ್ಲಿ ಹುಳ ಮಿಜಿಗುಡುತ್ತಿತ್ತು.

ಕೈ ಜೇಬಿಗೆ ಹೋಯಿತು.

ಜೇಬಿನಲ್ಲಿ ಸೀಸೆ ಇರಲಿಲ್ಲ. ಗಟ್ಟಿ ಹೊಸ ಬಟ್ಟೆಯೊಳಗೆ ಬೆರಳು ತಡಕಾಡಿತು. ಎಡಗಡೆಯ ಜೇಬನ್ನೂ ಮುಟ್ಟಿ ನೋಡಿಕೊಂಡಿತು. “ಅಜ್ಜ ನಶ್ಯ ಹುಡುಕ್ತಾ ಇದ್ದಾರೆ, ಯಾರಾದ್ರೂ ಒಂದು ಚಿಟಿಕೆ ಕೊಡ್ರಪ್ಪ,” ಅಂತ ಮೈಕಿನವನು ಕೂಗಿದ. ಜನ ಹೋ ಎಂದು ನಕ್ಕಾಗಲೇ ವೆಲ್ಡನ್‌ಗೆ ತಾನೆಲ್ಲಿದ್ದೇನೆ ಎಂಬುದು ತಿಳಿದದ್ದು. ಎರಡು ಸುತ್ತು, ಒಂದು ಗಂಟು, ಕೈ ಮೇಲೆ. ಹದಿನೇಳು ಪಾಯಿಂಟ್ ಎಂಟು ಸೆಕೆಂಡು.

ಬೇಲಿಯ ಹೊರಗೆ ಬಂದವನೇ ಅವನು ಕರುಗಳನ್ನು ನೋಡಿಕೊಳ್ಳುವವನಿಗೆ ಹೇಳಿದ, “ಆ ಕೆಂಪು ಕರುಗೆ ಹುಳ ಬಿದ್ದಿದೆ.”

“ನಾಳೆ ನೋಡಿದ್ರಾಯ್ತು, ಇವತ್ತು ಹಬ್ಬ,” ಅಂದ ಅವನು.

ವೆಲ್ಡನ್ ಟ್ರಕ್ಕಿನಿಂದ ಸೀಸೆ ತಂದು, ಕರುವನ್ನು ಗೋಡೆಗೆ ಒತ್ತಿ ಹಿಡಿದು ತಾನೇ ಮದ್ದು ಹಚ್ಚಿದ. ಹೊಸ ಜೀನ್ಸಿನ ಮೇಲೆಲ್ಲ ಕಪ್ಪು ಚೆಲ್ಲಿತು. ಅಷ್ಟರಲ್ಲಿ ಆಚೆ ಕಡೆ ಗದ್ದಲ ಕೇಳಿಸಿತು.

ಪೆಕಾನ್ ಗಾಡಿ ಹತ್ತಲು ಒಲ್ಲೆ ಎನ್ನುತ್ತಿತ್ತು. ಕ್ಲೀಟಸ್ ಒಳಗಿನಿಂದ ಹಗ್ಗ ಹಿಡಿದು ಎಳೆಯುತ್ತಿದ್ದ. ಎಳೆದಷ್ಟೂ ಅದು ಹಿಂಗಾಲು ಊರಿ ಹಿಂದಕ್ಕೆ ಸರಿಯುತ್ತಿತ್ತು. ಪಾಪದ ಪ್ರಾಣಿ, ಹಟ ಮಾಡುತ್ತಿರಲಿಲ್ಲ. ತನ್ನ ಕೆಲಸ ಮಾಡುತ್ತಿತ್ತು. ಕ್ಲೀಟಸ್‌ನ ಆಳು ಹಿಂದಿನಿಂದ ಚಾವಟಿ ಬೀಸಿದ. ಒಂದು ಸಲ, ಮತ್ತೊಂದು ಸಲ. ತೊಡೆಯ ಮೇಲೆ ಬಾಸುಂಡೆ ಎದ್ದಿತು.

ರೇಬರ್ನ್ ಬೇರೆ ಕಡೆ ನೋಡುತ್ತ ಹೇಳಿದ, “ವೆಲ್ಡನ್, ನೀನೇ ಸ್ವಲ್ಪ ಹತ್ತಿಸಿಬಿಡು.”

ವೆಲ್ಡನ್ ನಿಂತೇ ಇದ್ದ. ಸುಮ್ಮನೆ ಹೊರಟುಹೋಗಬಹುದಿತ್ತು. ಆಮೇಲೆ? ನಾಲ್ಕು ಜನ ಬಂದು ಹೊಡೆದಾದರೂ ಹತ್ತಿಸುತ್ತಾರೆ. ಚಾವಟಿ ಮೂರನೇ ಸಲ ಮೇಲೆದ್ದಿತು.

“ಅದನ್ನ ಕೆಳಗಿಡು,” ಅಂದ ವೆಲ್ಡನ್.

ಅವನು ಹಗ್ಗ ತೆಗೆದುಕೊಂಡು ಸಡಿಲ ಬಿಟ್ಟ. ಕುದುರೆಗೆ ಬೆನ್ನು ಹಾಕಿ, ಹಿಂದೆ ನೋಡದೆ, ಗಾಡಿಯ ಹಲಗೆ ಹತ್ತಿ ಒಳಗೆ ನಡೆದ. ಹಿಂದೆ ಹಲಗೆಯ ಮೇಲೆ ಗೊರಸಿನ ಸದ್ದಾಯಿತು. ಪೆಕಾನ್ ಒಳಗೆ ಬಂದು ಅವನ ಬೆನ್ನಿಗೆ ಹಣೆ ಉಜ್ಜಿತು. ಅವನು ಅದನ್ನು ಕಟ್ಟಿ, ಪಕ್ಕಕ್ಕೆ ನುಸುಳಿ ಹೊರಬಂದು, ಅಗಳಿ ಹಾಕಿದ.

“ಇದರ ವಿಷಯ ನಾನು ತಿಳ್ಕೊಳ್ಳೋದು ಏನಾದ್ರೂ ಇದೆಯಾ?” ಕ್ಲೀಟಸ್ ಸ್ಟೀರಿಂಗಿನ ಮುಂದೆ ಕೂರುತ್ತ ಕೇಳಿದ.

ಹೇಳಬಾರದು ಎಂದುಕೊಂಡಿದ್ದ ವೆಲ್ಡನ್. ಆದರೆ ಹೇಳದಿದ್ದರೆ ನರಳುವವರು ಯಾರು? “ಬೆಳಿಗ್ಗೆ ಜೀನಿನ ಪಟ್ಟಿ ಒಂದೇ ಸಲಕ್ಕೆ ಬಿಗಿಬೇಡಿ, ಬೆನ್ನು ಸೆಟೆಸ್ಕೊತಾಳೆ. ಎಡಗಿವಿ ಮುಟ್ಟಬೇಡಿ. ಮುಂಗಾಲು ಎಡದ್ದು, ಹೆಚ್ಚು ಕೆಲಸ ಆದ ದಿನ ತಣ್ಣೀರು ಹಾಕಿ. ಕೂಗ್ಬೇಡಿ, ಮೆಲ್ಲಗೆ ಹೇಳಿದ್ರೂ...” ಇಂಜಿನ್ನು ಶುರುವಾಯಿತು. ಅವನ ಮಾತು ಇನ್ನೂ ಮುಗಿದಿರಲಿಲ್ಲ.

ಹಿಂದಿರುಗುವಾಗ ಚೆಂಟೆಯೇ ಟ್ರಕ್ಕು ಓಡಿಸಿದ. ವೆಲ್ಡನ್ ತೊಡೆಯ ಮೇಲೆ ಖಾಲಿ ಜೀನು ಇಟ್ಟುಕೊಂಡಿದ್ದ.

“ಎರಡು ಮೂರು ಸೆಕೆಂಡು ಯಾರಿಗೆ ಬೇಕಾದ್ರೂ ಹೋಗುತ್ತೆ. ಅದಕ್ಕೆ ಕೊರಗಬೇಡ ಕಣೋ,” ಅಂದ ಚೆಂಟೆ ಅರ್ಧ ದಾರಿಯಲ್ಲಿ.

“ಅದಕ್ಕಲ್ಲ,” ಅಂದ ವೆಲ್ಡನ್. “ಅವನು ಎಳೆದ್ರೂ ಹತ್ತಲಿಲ್ಲ, ಹೊಡೆದ್ರೂ ಹತ್ತಲಿಲ್ಲ. ನಾನು ಕರೆದೆ ಅಂತ ಬಂದ್ಳು.”