ಅಪ್ಪನ ಗೋತ್ರ, ನಾಯಕನ ಬಾವುಟ

ಅಪ್ಪ ಹೋದ ಸುದ್ದಿ ಬಂದಾಗ ನಾನು ಊಟದ ಮೇಜಿನ ಮೇಲೆ ಮೂರು ಹಂದಿ ತಲೆ ಹರಡಿಕೊಂಡು ಕೂತಿದ್ದೆ. ತಮಾಷೆಗೆ ಹೇಳುತ್ತಿಲ್ಲ. ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ತಲೆಗಳು ಅವು, ನಾಲ್ಕು ಗಜದ ಒಂದು ಬಾವುಟದ ಮೇಲೆ ಸಾಲಾಗಿದ್ದವು. ಅಂಚಿಗೆ ಕುಚ್ಚು ಹಾಕುವ ಕೆಲಸವೊಂದು ಬಾಕಿ ಇತ್ತು.

ಎಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ. ನನ್ನ ಗಂಡನಿಗೆ ರೆಡ್‌ವುಡ್ ಸಿಟಿಯಲ್ಲಿ ಆಫೀಸು, ನನಗೆ ಮನೆಯಲ್ಲಿ ಹೊಲಿಗೆ ಮಿಷನ್ನು. ಲಾಸ್ ಆಲ್ಟೋಸ್‌ವರೆಗಿನ ಕನ್ನಡದ ಹೆಂಗಸರ ರವಿಕೆಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು. ಪಕ್ಕದ ಮನೆಯ ಅಜ್ಜಿ ಇದನ್ನೆಲ್ಲ ಬೇಲಿಯಾಚೆಯಿಂದ ನೋಡಿಕೊಂಡಿದ್ದಳು. ಆಕೆ ಹುಟ್ಟಿದ್ದು ಬೆಳೆದದ್ದು ಇಲ್ಲೇ, ಕೈಹಿಡಿದದ್ದು ಇಟಲಿಯವನನ್ನು. ಆದರೂ ಮಾತೆತ್ತಿದರೆ ತಾನು ಸ್ಕಾಟ್ಲೆಂಡಿನ ಇಂಥ ಕ್ಲಾನಿನವಳು ಅನ್ನುತ್ತಿದ್ದಳು. ಕ್ಲಾನು ಅಂದರೆ ಕುಲ ಅನ್ನಿ, ಬಳಗ ಅನ್ನಿ: ಒಬ್ಬ ನಾಯಕ, ಅವನ ಹೆಸರು ಹೊತ್ತವರು, ಹಿಂದೊಂದು ಕಾಲದಲ್ಲಿ ಅವನ ಬೆನ್ನಿಗೆ ಕತ್ತಿ ಹಿಡಿದು ಓಡಿದವರ ಮರಿಮಕ್ಕಳು. ಇವರೆಲ್ಲ ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಗೆ ಒಂದು ಮೈದಾನದಲ್ಲಿ ಸೇರುತ್ತಿದ್ದರು. ಆ ವರ್ಷ ನಾಯಕನೇ ಸ್ಕಾಟ್ಲೆಂಡಿನಿಂದ ಬರುವವನಿದ್ದ. ನಾಯಕ ಬಂದರೆ ಅವನ ಬಾವುಟ ಹಾರಲೇಬೇಕು. ಇಲ್ಲಿದ್ದ ಹಳೆಯದನ್ನು ನುಸಿ ತಿಂದಿತ್ತು, ಹೊಸದನ್ನು ಹೊಲಿಯುವ ಕೆಲಸ ಅಜ್ಜಿ ನನಗೊಪ್ಪಿಸಿದಳು.

ಆ ಬಾವುಟಕ್ಕೆ ಇದ್ದ ಕಟ್ಟುಪಾಡು ನಮ್ಮ ಮಡಿಗೂ ಇರಲಿಲ್ಲ. ಕಂಬದ ಕಡೆ ಅಗಲ, ಹೋಗುತ್ತಾ ಹೋಗುತ್ತಾ ಕಿರಿದು. ಮೊದಲು ನಾಯಕನ ಮನೆತನದ ಚಿಹ್ನೆ, ಆಮೇಲೆ ಹಂದಿ ತಲೆಗಳು, ಮಧ್ಯೆ ಓರೆಯಾಗಿ ಎರಡು ಪಟ್ಟಿ, ಪಟ್ಟಿಯ ಮೇಲೆ ಲ್ಯಾಟಿನ್ನಿನ ಎರಡು ಮಾತು. ಅರ್ಥ ಅಜ್ಜಿಗೂ ಗೊತ್ತಿರಲಿಲ್ಲ. ಅರ್ಥ ತಿಳಿಯದೆ ಮಂತ್ರ ಹೇಳುವುದು ನನಗೇನು ಹೊಸದೇ, ಹೊಲಿದೆ. ಹಂದಿಗಳ ಮೂತಿ ಎರಡು ಕಡೆಯಿಂದಲೂ ಕಂಬದ ಕಡೆಗೇ ಇರಬೇಕು, ಇಲ್ಲದಿದ್ದರೆ ಯುದ್ಧದಿಂದ ಓಡಿಹೋದ ಹಾಗೆ ಕಾಣುತ್ತದಂತೆ. ಅದಕ್ಕೇ ಒಂದು ಸಲ ಬಿಚ್ಚಿ ಮತ್ತೆ ಹೊಲಿದೆ. ನಾಯಕ ಎಲ್ಲಿದ್ದಾನೋ ಅಲ್ಲಿ ಮಾತ್ರ ಅದು ಹಾರಬೇಕು, ಬೇರೆಯವರು ಹಾರಿಸುವ ಹಾಗಿಲ್ಲ. ಅವನಾದ ಮೇಲೆ ಯಾರಿಗೆ ಅಂದೆ, ಸುಮ್ಮನೆ ಕೇಳಿದ್ದು. ಗಂಡುಮಕ್ಕಳಿಲ್ಲ, ಮಗಳಿಗೆ ಅಂದಳು ಅಜ್ಜಿ. ಮಗಳಿಗೆ ಮದುವೆಯಾಗಿದೆ, ಆದರೆ ಅಪ್ಪನ ಹೆಸರು ಬಿಟ್ಟಿಲ್ಲ, ಹೆಸರು ಬಿಡದಿದ್ದರೆ ಸರಿ. ನನ್ನ ಬಾಯಿತುಂಬ ಗುಂಡುಪಿನ್ನು ಇತ್ತು. ಹೂಂ ಅಂದೆ.

ನನ್ನ ಅತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಮೇಜಿನ ಮೇಲೆ ಹಂದಿ ತಲೆ ಕಂಡದ್ದೇ ಕೈಮುಗಿದರು.

"ವರಾಹಸ್ವಾಮಿ! ಯಾರಮ್ಮಾ ಮಾಡಿಸ್ತಿರೋದು? ತಲೆ ಒಂದೇ ಯಾಕೆ, ಪೂರ್ತಿ ಹೊಲಿಯೋಕೆ ಬಟ್ಟೆ ಸಾಲ್ಲಿಲ್ವಾ?"

ಅದು ದೇವರಲ್ಲ, ಬೇಟೆಯ ಹಂದಿ ಅಂತ ಹೇಳಿ ನೋಡಿದೆ. ಅವರು ಕೇಳಲಿಲ್ಲ. ಅವತ್ತಿನಿಂದ ಆ ಮೇಜಿನ ಮೇಲೆ ಊಟ ನಿಂತಿತು, ಎಲ್ಲರೂ ಸೋಫಾದ ಮೇಲೆ ತಟ್ಟೆ ಹಿಡಿದು ಕೂತೆವು.

ಬುಧವಾರ ಬೆಳಿಗ್ಗೆ ಫೋನು ಬಂತು. ತುಮಕೂರಿನಿಂದ ಅಣ್ಣ, ಅಲ್ಲಿ ಆಗ ರಾತ್ರಿ. ಆಗಿನ ಫೋನಿನಲ್ಲಿ ನಮ್ಮ ಮಾತೇ ನಮಗೆ ವಾಪಸು ಕೇಳಿಸುತ್ತಿತ್ತು.

"ಅಪ್ಪ ಹೋಗ್ಬಿಟ್ರು ಕಣೇ, ಮಧ್ಯಾಹ್ನ. ಕೇಳಿಸ್ತಾ?"

ಕೇಳಿಸಿತು ಅಂದೆ.

"ನಾಳೆ ಬೆಳಿಗ್ಗೆ ಎಲ್ಲಾ ಮುಗಿಸ್ತೀವಿ. ನೀನು ಬರೋ ಹೊತ್ತಿಗೆ ಏನೂ ಇರಲ್ಲ. ಬಿಡು."

ಬಿಡು ಅಂದದ್ದು ಸಮಾಧಾನಕ್ಕೆ. ನಾನು ಫೋನಿಟ್ಟು ಕುಚ್ಚಿನ ಕಟ್ಟು ಕೈಗೆತ್ತಿಕೊಂಡೆ. ಒಂದು ಕೆಂಪು, ಒಂದು ಹಸಿರು, ಒಂದು ಕೆಂಪು. ಅತ್ತೆ ಬಂದು ಕೈಯಿಂದ ಅದನ್ನು ತೆಗೆದಿಟ್ಟರು.

"ಇದನ್ನ ಮುಟ್ಟಬೇಡ ಈಗ, ವರಾಹಸ್ವಾಮಿ ಇದಾನೆ. ಮೂರು ದಿನ ಸೂತಕ ಕಣಮ್ಮಾ ನಿಂಗೆ. ನಿಮ್ಮಣ್ಣಂಗೆ ಹತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ. ನಿನ್ನ ಗೋತ್ರ ಈಗ ನಮ್ದು. ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿಬಿಡು, ಮುಗೀತು."

ಅತ್ತೆ ಕೆಟ್ಟವರಲ್ಲ. ಆ ಮೂರು ದಿನ ಮಂಡಿನೋವಿನಲ್ಲೂ ಅವರೇ ಅಡುಗೆ ಮಾಡಿ ನನಗೆ ಬಡಿಸಿದರು. ಮೂರು ಯಾಕೆ, ಹತ್ತು ಯಾಕಲ್ಲ ಅಂತ ನನಗೆ ಸಿಟ್ಟೂ ಬರಲಿಲ್ಲ. ಏನೂ ಬರಲಿಲ್ಲ, ಅದೇ ತೊಂದರೆ. ಅಳು ಬರುತ್ತದೆ ಅಂತ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ, ಶಾಂಪೂ ಬಾಟಲಿಯ ಮೇಲಿನ ಅಕ್ಷರವೆಲ್ಲ ಓದಿ ಎದ್ದು ಬಂದೆ. ನನ್ನ ಗಂಡ ಆಫೀಸಿನಿಂದ ಎರಡು ಸಲ ಫೋನು ಮಾಡಿ "ಹೇಗಿದೀಯ" ಅಂದರು, ಚೆನ್ನಾಗಿದ್ದೀನಿ ಅಂದೆ. ನಿಜವಾಗಿಯೂ ಹಾಗೇ ಇತ್ತು. ಒಂದೇ ಭಯ: ಮೂರು ದಿನದೊಳಗೆ ಅಳದಿದ್ದರೆ ಆಮೇಲೆ ಅಳುವುದಕ್ಕೆ ನನಗೇನು ಹಕ್ಕು? ಸ್ನಾನ ಮಾಡಿ ಕುಂಕುಮ ಇಟ್ಟುಕೊಂಡರೆ ನಾನು ಬೇರೆ ಮನೆಯವಳು, ಸತ್ತದ್ದು ಬೇರೆ ಮನೆಯಲ್ಲಿ.

ಅಪ್ಪನಿಗೆ ಒಂದು ಹುಚ್ಚಿತ್ತು. ಯಾರು ಸಿಕ್ಕರೂ ಮೊದಲು ಊರು ಕೇಳುವುದು, ಎರಡನೆಯದು ಗೋತ್ರ. ಸೂಜಿ ಚುಚ್ಚುತ್ತಿದ್ದ ಡಾಕ್ಟರನ್ನೂ ಬಿಟ್ಟವರಲ್ಲ: "ತಮ್ಮದು ಯಾವ ಗೋತ್ರ ಸ್ವಾಮಿ?" ಐದು ನಿಮಿಷದಲ್ಲಿ ಎಲ್ಲೋ ಒಂದು ಎಳೆ ಹಿಡಿದು, ಆ ಮನುಷ್ಯನನ್ನು ತಮ್ಮ ಷಡ್ಡಕನ ಸೋದರಳಿಯನನ್ನಾಗಿ ಮಾಡಿಬಿಡುತ್ತಿದ್ದರು. ನಮಗೆ ನಾಚಿಕೆಯಾಗುತ್ತಿತ್ತು. ನನ್ನನ್ನು ನೋಡಲು ಬಂದ ಗಂಡಿಗೂ ಅದೇ ಪ್ರಶ್ನೆ. ಅವರು ಕೌಂಡಿನ್ಯ ಅಂದರು. ನಾವು ಶ್ರೀವತ್ಸ. ಅಪ್ಪನ ಮುಖ ಅರಳಿತು, ಸಗೋತ್ರ ಅಲ್ಲ, ಕೊಡಬಹುದು. ಕೊಟ್ಟರು.

ಶನಿವಾರ ನಾಲ್ಕನೆಯ ದಿನ. ಅದೇ ದಿನ ಕ್ಲಾನುಗಳ ಕೂಟ. ಬೆಳಿಗ್ಗೆ ಸ್ನಾನ ಮಾಡಿ, ಮಿಷನ್ನಿನ ಮುಂದೆ ಕೂತು ಉಳಿದಿದ್ದ ಒಂದು ಮೊಳ ಕುಚ್ಚು ಹೊಲಿದೆ. ಅಜ್ಜಿ ಬಾವುಟವನ್ನು ಮಗುವಿನ ಹಾಗೆ ಎತ್ತಿಕೊಂಡಳು. ಅಪ್ಪನ ವಿಷಯ ಆಗಷ್ಟೇ ಆಕೆಗೆ ಹೇಳಿದೆ. ಆಕೆ ನನ್ನ ಕೈ ಹಿಡಿದು, ನೀನೂ ಬಾ, ಮನೆಯಲ್ಲಿ ಕೂತು ಏನು ಮಾಡುತ್ತೀ ಅಂದಳು. ಬೇಡ ಅನ್ನುವುದಕ್ಕೂ ಶಕ್ತಿ ಬೇಕು. ಹೊರಟೆ. ವರಾಹಸ್ವಾಮಿಯನ್ನು ಏರಿಸುವುದು ನೋಡಬೇಕೆಂದು ಅತ್ತೆಯೂ ಹೊರಟರು.

ಫ್ರೀವೇಯಲ್ಲಿ ಒಂದು ಗಂಟೆ. ನನ್ನ ಗಂಡ ನಮ್ಮನ್ನಿಳಿಸಿ ಕಾರು ನಿಲ್ಲಿಸಲು ಹೋದವರು ಅಲ್ಲೇ ನೆರಳಿನಲ್ಲಿ ನಿದ್ದೆ ಹೋದರು. ಒಣಗಿದ ಹುಲ್ಲಿನ ಮೈದಾನ, ಸಾಲು ಸಾಲು ಡೇರೆ, ಒಂದೊಂದು ಕ್ಲಾನಿಗೆ ಒಂದೊಂದು. ಗಂಡಸರೆಲ್ಲ ಮಂಡಿಯವರೆಗೆ ಚೌಕಳಿ ಬಟ್ಟೆ ಸುತ್ತಿದ್ದರು.

"ನನ್ನ ಮಗ ಪಂಚೆ ಉಡೋಕೆ ನಾಚ್ಕೋತಾನೆ, ಇವರನ್ನ ನೋಡು ಎಷ್ಟು ಧೈರ್ಯವಾಗಿದಾರೆ" ಅಂದರು ಅತ್ತೆ.

ಪ್ರತಿ ಡೇರೆಯಲ್ಲೂ ಒಂದು ಮೇಜು, ಮೇಜಿನ ಮೇಲೆ ದಪ್ಪ ಪುಸ್ತಕ, ಪುಸ್ತಕದ ಹಿಂದೆ ಒಬ್ಬ ಮುದುಕ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿ, ನಿಮ್ಮ ಮನೆ ಹೆಸರೇನು, ತಾಯಿಯ ಕಡೆಯದೇನು, ಅಜ್ಜಿಯದೇನು ಅಂತ ಕೇಳಿ, ಪುಟ ತಿರುವಿ, "ಸಿಕ್ಕಿತು! ನೀವು ನಮ್ಮವರೇ!" ಅಂತ ಕೈ ಕುಲುಕುವುದು. ಮೈದಾನದ ತುಂಬ ಅಪ್ಪನಂಥವರೇ. ಅಪ್ಪ ಇಲ್ಲಿಗೆ ಬಂದಿದ್ದರೆ ಸಂಜೆಯವರೆಗೂ ಎಬ್ಬಿಸಲಾಗುತ್ತಿರಲಿಲ್ಲ ಅಂದುಕೊಂಡೆ. ಅಂದುಕೊಂಡೆ ಅಷ್ಟೇ, ಒಳಗೆ ಏನೂ ಅಲುಗಲಿಲ್ಲ.

ನಾಯಕ ಬಂದ. ಕುಳ್ಳಗೆ, ಬೋಳುತಲೆ, ಹುಲ್ಲಿನ ಧೂಳಿಗೆ ಒಂದೇ ಸಮ ಸೀನುತ್ತಿದ್ದ. ಬಾವುಟ ಏರಿತು. ಗಾಳಿ ಹಿಡಿದಾಗ ಮೂರು ಹಂದಿಗಳೂ ಕಂಬದ ಕಡೆಗೇ ನೋಡುತ್ತಿದ್ದವು. ಹೊಲಿಗೆ ಎಲ್ಲೂ ಜಗ್ಗಿರಲಿಲ್ಲ. ಅತ್ತೆ ಕೈಮುಗಿದರು, ಸೀನುತ್ತಿದ್ದ ನಾಯಕ ತನಗೇ ಅಂದುಕೊಂಡು ತಲೆಬಾಗಿದ.

ಆಗ ಅಜ್ಜಿ ಒಂದು ಕಾರ್ಡು ತಂದು ನನ್ನ ಕೈಗಿಟ್ಟಳು. ಆ ವರ್ಷ ತೀರಿಕೊಂಡವರ ಹೆಸರನ್ನು ಮಧ್ಯಾಹ್ನ ನಾಯಕನೆದುರು ಕೂಗಿ ಹೇಳುತ್ತಾರೆ, ನಿನ್ನ ತಂದೆಯದೂ ಬರೆದುಕೊಡು, ನಮ್ಮ ಬಾವುಟ ಹೊಲಿದವಳು ನಮ್ಮ ಡೇರೆಯವಳೇ ಅಂದಳು. ಕಾರ್ಡಿನಲ್ಲಿ ಎರಡು ಗೆರೆ. ಹೆಸರು. ಕ್ಲಾನು. ನಿಮ್ಮಲ್ಲಿ ಅಂಥದ್ದೇನಾದರೂ ಇದೆಯೇ ಅಂತ ಕೇಳಿದಳು. ಇದೆ ಅಂದೆ. ಬರೆದೆ, ಕೊಟ್ಟೆ.

ಮಧ್ಯಾಹ್ನ ಎಲ್ಲರೂ ಟೋಪಿ ತೆಗೆದು ನಿಂತರು. ನಾನೂ ಅತ್ತೆಯೂ ಮಡಿಸುವ ಕುರ್ಚಿಗಳಲ್ಲಿ ಕೂತಿದ್ದೆವು. ಗಡ್ಡದ ಒಬ್ಬ ದಪ್ಪ ಮನುಷ್ಯ ಮೈಕಿನಲ್ಲಿ ಒಂದೊಂದೇ ಹೆಸರು ಓದಿದ. ಅಪ್ಪನ ಹೆಸರು ಬಂತು, ಮೂರು ತುಂಡಾಗಿ, ಆದರೆ ಬಹಳ ಜೋಪಾನವಾಗಿ. ಆಮೇಲೆ ಅವನು ಓದಿದ: ಕ್ಲಾನ್ ಕೌಂಡಿನ್ಯ.

ನನ್ನ ಕೈಬರಹವೇ ಅದು. ಹನ್ನೊಂದು ವರ್ಷದಿಂದ ದೇವಸ್ಥಾನದಲ್ಲಿ ಅರ್ಚನೆಗೆ ನಿಂತಾಗಲೆಲ್ಲ ಗೋತ್ರ ಅಂದಕೂಡಲೇ ಬಾಯಿಗೆ ಬರುತ್ತಿದ್ದದ್ದು ಅದೊಂದೇ. ಕೈಗೂ ಅದೇ ಬಂದಿತ್ತು. ಹೆತ್ತ ಅಪ್ಪನನ್ನು, ಜೀವಮಾನವೆಲ್ಲ ಗೋತ್ರ ಕೇಳಿಕೊಂಡೇ ಬದುಕಿದ ಮನುಷ್ಯನನ್ನು, ಸಾವಿರ ಜನರ ಮುಂದೆ ಬೀಗರ ಮನೆಗೆ ಸೇರಿಸಿಬಿಟ್ಟಿದ್ದೆ. ಆದರೂ ನಾನು ಕೂತೇ ಇದ್ದೆ. ಅತ್ತೆ ತಿರುಗಿದರು.

"ಏನಂದ ಅವ್ನು? ಕೌಂಡಿನ್ಯ ಅಂದ್ನಾ? ಅಯ್ಯೋ, ನಮ್ಮನೇಲಿ ಎಲ್ಲಾ ಬದುಕಿದೀವಲ್ಲಮ್ಮಾ! ನಿಮ್ಮಪ್ಪ ಶ್ರೀವತ್ಸ ಅಲ್ವಾ?"

"ಹೌದು."

"ಮತ್ತೆ ಕೂತಿದೀಯಲ್ಲ ಕಲ್ಲಿನ ಹಾಗೆ! ಏಳು, ಹೋಗಿ ತಿದ್ದಿಸು!"

ಎದ್ದೆ. ಆ ಹುಲ್ಲಿನ ಮೇಲೆ ಸೀರೆಯಲ್ಲಿ ನಡೆದದ್ದು, ಎಲ್ಲರೂ ನೋಡಿದ್ದು, ಬಾವುಟದ ಕೆಳಗೆ ನಾಯಕ ಕರವಸ್ತ್ರ ಹಿಡಿದು ನಿಂತಿದ್ದದ್ದು ನೆನಪಿದೆ. ಗಡ್ಡದವನು ಬಗ್ಗಿದ. ತಪ್ಪಾಗಿದೆ, ನಾನೇ ತಪ್ಪು ಬರೆದೆ ಅಂದೆ. ಅವನು ಪೆನ್ಸಿಲಿನಲ್ಲಿ ಹೊಡೆದುಹಾಕಿ, ನಾನು ಹೇಳಿದ ಹಾಗೆ ಅಕ್ಷರ ಅಕ್ಷರ ಕೂಡಿಸಿ ಬರೆದು, ಮೊದಲಿನಿಂದ ಓದಿದ. ಕ್ಲಾನ್ ಶ್ರೀವತ್ಸ. ಆಮೇಲೆ ಮರ್ಯಾದೆಗೆಂದು ಕೇಳಿದ, ನೀವು ಅವರಿಗೆ ಏನಾಗಬೇಕು? ಮಗಳು ಅಂದೆ. ನಿಮ್ಮದೂ ಅದೇ ಕ್ಲಾನೇ?

ಶಾಸ್ತ್ರದ ಪ್ರಕಾರ ಅಲ್ಲ ಅನ್ನಬೇಕಿತ್ತು.

"ಸೇಮ್" ಅಂದೆ. ಮೈಕು ಹಿಡಿದೇ ಇದ್ದ. ನನ್ನ ದನಿ ಮೈದಾನದ ನಾಲ್ಕು ಮೂಲೆಯಿಂದಲೂ ಕೇಳಿಸಿತು.

ವಾಪಸು ಬಂದು ಕೂತೆ. ಬ್ಯಾಗ್‌ಪೈಪ್ ವಾದ್ಯದವನು ಊದತೊಡಗಿದ. ಅತ್ತೆಗೆ ಇಂಗ್ಲಿಷು ಬಾರದು, ಆದರೆ ಸೇಮ್ ಅನ್ನುವ ಮಾತು ಮೈಸೂರಿನಲ್ಲಿ ಯಾರಿಗೆ ಬಾರದು? ಅವರು ನನ್ನ ಕಡೆ ನೋಡಲಿಲ್ಲ. ಊದುವುದು ಮುಗಿಯುವವರೆಗೂ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು.

"ಸೇಮ್ ಅಂದ್ಯಲ್ಲ."

"ಹೂಂ."

"ಹಾಗಾದ್ರೆ ಹತ್ತು ದಿನ. ಇವತ್ತಿಗೆ ನಾಲ್ಕು. ಇನ್ನು ಆರು ದಿನ ಅಡುಗೆಮನೆ ಕಡೆ ತಲೆ ಹಾಕಬೇಡ, ದೇವರ ದೀಪ ನಾನು ಹಚ್ತೀನಿ. ತಿಳೀತಾ?"

ಮುಖದಲ್ಲಿ ಸಿಡುಕು ಹಾಗೇ ಇತ್ತು. ಆರು ದಿನ ಇದೆ ಅಂದುಕೊಂಡೆ. ಕುರ್ಚಿಯಿಂದ ಜಾರಿ ಅಲ್ಲೇ ಹುಲ್ಲಿನ ಮೇಲೆ ಕೂತು, ಅವರ ಸೆರಗು ಹಿಡಿದುಕೊಂಡು ಅಳತೊಡಗಿದೆ.